ಎಳೆ ಹರಿಯದ ಹಾಗೆ: ಶಿವಕೋಟೆಯ ಜ್ಯಾಮಿತಿ ಸಭೆಯಲ್ಲಿ ಒಂದು ದಿನ

ಯಲಹಂಕದಲ್ಲಿ ಆಟೊ ಹತ್ತಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದರೆ ಚಾಲಕರು ಹೆಬ್ಬಾಳ ದಾಟಿ ಯಶವಂತಪುರದ ದಿಕ್ಕಿಗೆ ಗಾಡಿ ತಿರುಗಿಸುತ್ತಾರೆ. ಬೆಂಗಳೂರಿನ ಹಳಬರ ಬಾಯಲ್ಲಿ ಆ ಹೆಸರು ಭಾರತೀಯ ವಿಜ್ಞಾನ ಸಂಸ್ಥೆಗೇ ಮೀಸಲು. ನಾನು ಹೋಗಬೇಕಿದ್ದದ್ದು ಇನ್ನೊಂದು ಟಾಟಾ ಸಂಸ್ಥೆಗೆ. ‘ಹೆಸರಘಟ್ಟ ಹೋಬಳಿ, ಶಿವಕೋಟೆ’ ಎಂದ ಮೇಲೆ ಆಟೊ ದೊಡ್ಡಬಳ್ಳಾಪುರ ರಸ್ತೆ ಹಿಡಿಯಿತು. ಸಿಂಗನಾಯಕನಹಳ್ಳಿಯ ಹತ್ತಿರ ಎಡಕ್ಕೆ ಹೊರಳಿದ್ದೇ ಊರಿನ ಸದ್ದು ಇಳಿಯುತ್ತಾ ಬಂತು. ಅಲ್ಲೊಂದು ಇಲ್ಲೊಂದು ರಾಗಿ ಹೊಲ, ನಡುನಡುವೆ ಸೈಟುಗಳಿಗೆ ನೆಟ್ಟ ಕಲ್ಲುಗಳು.

ಈ ಎರಡು ಟಾಟಾ ಸಂಸ್ಥೆಗಳ ನಂಟು ಹಳೆಯದು. ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಕೆಲಸ ಆರಂಭಿಸಿದ್ದು ಇದೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಆ ವರ್ಷ ಮುಗಿಯುವುದರೊಳಗೆ ಅದು ಮುಂಬೈಗೆ ಹೋಯಿತು. ಅರವತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಅದರದೇ ಒಂದು ಕೇಂದ್ರ ಮತ್ತೆ ಬೆಂಗಳೂರಿನಲ್ಲಿ ಹುಟ್ಟಿತು: ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ, ವಿದ್ಯಾರ್ಥಿಗಳ ಮಾತಿನಲ್ಲಿ ಐಸಿಟಿಎಸ್. ಅದೂ ಮೊದಲ ಕೆಲವು ವರ್ಷ ವಿಜ್ಞಾನ ಸಂಸ್ಥೆಯ ಒಳಗೇ ಇತ್ತು. 2009ರ ಡಿಸೆಂಬರಿನಲ್ಲಿ ಸಿ.ಎನ್.ಆರ್. ರಾವ್ ಅವರು ಶಿವಕೋಟೆಯಲ್ಲಿ ಅಡಿಗಲ್ಲು ಇಟ್ಟರು. 2015ರಲ್ಲಿ ಸ್ವಂತ ಮನೆಯಾಯಿತು.

ಊರೊಳಗೇ ಇಳಿದು ಉಳಿದ ದಾರಿಯನ್ನು ನಡೆದೆ. ಒಂದು ಮನೆಯ ಮುಂದೆ ನಿಂತುಬಿಟ್ಟೆ. ಸಾರಿಸಿದ ನೆಲದ ಮೇಲೆ ಮೂರು ಸಾಲು ಚುಕ್ಕಿ, ಸಾಲಿಗೆ ನಾಲ್ಕು. ಆ ಹನ್ನೆರಡು ಚುಕ್ಕಿಗಳನ್ನು ಬಳಸಿ, ತನ್ನ ಮೇಲೆ ತಾನೇ ಹಾಯ್ದು, ಹೊರಟಲ್ಲಿಗೇ ಬಂದು ಸೇರಿದ ಬಿಳಿ ಎಳೆ. ನಾನು ಚೀಟಿಯ ಮೇಲೆ ಅದನ್ನು ಬರೆದುಕೊಳ್ಳುತ್ತಿದ್ದುದನ್ನು ಕಂಡು ಹಿರಿಯ ಹೆಂಗಸೊಬ್ಬರು ಹೊರಗೆ ಬಂದರು.

“ಒಂದೇ ಎಳೆ ಕಣಮ್ಮ ಅದು, ಕೈ ಎತ್ತಂಗಿಲ್ಲ” ಎಂದರು.

ಆ ಚೀಟಿ ದಿನವಿಡೀ ನನ್ನ ಜೊತೆಗಿತ್ತು.

*

ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋದರೆ ಮೊದಲು ಕಾಣುವುದು ಕೋಣೆಗಳಿಗಿಟ್ಟ ಹೆಸರುಗಳು. ರಾಮಾನುಜನ್ ಉಪನ್ಯಾಸ ಭವನ, ಚಂದ್ರಶೇಖರ್ ಸಭಾಂಗಣ, ಫೈನ್‌ಮನ್ ಭವನ. ಅನಂತ ಶ್ರೇಣಿಗಳನ್ನು ಹದಿನಾಲ್ಕನೆಯ ಶತಮಾನದಲ್ಲೇ ಕಂಡ ಕೇರಳದ ಮಾಧವನ ಹೆಸರಿನದೊಂದು ಭವನವಿದೆ. ಎಮ್ಮಿ ನೋದರ್ ಹೆಸರಿನ ಗೋಷ್ಠಿ ಕೋಣೆಯೂ ಇದೆ. ಟೊಪಾಲಜಿ ಓದುವವರಿಗೆ ಈ ಕೊನೆಯ ಹೆಸರಿನ ಋಣ ದೊಡ್ಡದು. ಒಂದು ಆಕಾರದಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿ ಬರಿಯ ಸಂಖ್ಯೆ ಬರೆದಿಡುತ್ತಿದ್ದ ಕಾಲವದು. ಆ ಸಂಖ್ಯೆಯ ಹಿಂದೆ ‘ಗ್ರೂಪ್’ ಎಂಬ ಪೂರ್ತಿ ರಚನೆಯೇ ಇದೆ, ಅದನ್ನೇ ಹಿಡಿಯಿರಿ ಎಂದು 1920ರ ದಶಕದಲ್ಲಿ ಗಟಿಂಗೆನ್‌ನಲ್ಲಿ ತೋರಿಸಿಕೊಟ್ಟವರು ನೋದರ್. ಇವತ್ತು ಇಲ್ಲಿ ಮಾತಾಡುವ ಯಾವ ವಿದ್ಯಾರ್ಥಿಯೂ ಆ ಮಾತನ್ನು ಬಿಟ್ಟು ಎರಡು ಸಾಲು ಮುಂದೆ ಹೋಗಲಾರ.

ಇದು ಜ್ಯಾಮಿತಿ ಮತ್ತು ಟೊಪಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿರುವವರ ಸಭೆ. ದೊಡ್ಡ ಸಮ್ಮೇಳನಗಳಲ್ಲಿ ಹೆಸರಾದವರು ಮುಗಿದ ಕೆಲಸವನ್ನು ಒಪ್ಪಿಸುತ್ತಾರೆ, ಹುಡುಗರು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಾರೆ. ಇಲ್ಲಿ ಮುಂದೆ ನಿಲ್ಲುವವರೂ ಅವರೇ, ಎದುರಿಗೆ ಕೂರುವವರೂ ಅವರೇ. ಹೇಳುವ ವಿಷಯದಲ್ಲಿ ಅರ್ಧ ಇನ್ನೂ ಬಗೆಹರಿದಿರುವುದಿಲ್ಲ. “ಇಲ್ಲಿಂದ ಮುಂದೆ ನನಗೂ ತಿಳಿದಿಲ್ಲ” ಎಂದು ಒಬ್ಬ ಹುಡುಗ ಸೀಮೆಸುಣ್ಣ ಕೆಳಗಿಟ್ಟಾಗ ಯಾರೂ ಮುಖ ತಿರುಗಿಸಲಿಲ್ಲ. ಮೂರನೆಯ ಸಾಲಿನಿಂದ ಒಬ್ಬಳು ಎದ್ದು ಬಂದು, ಅದೇ ಸುಣ್ಣ ತೆಗೆದುಕೊಂಡು, ಅವನ ಚಿತ್ರದ ಪಕ್ಕದಲ್ಲೇ ಇನ್ನೊಂದು ಚಿತ್ರ ಬಿಡಿಸಿದಳು.

ನಾನು ಎಂಎಸ್ಸಿಯಲ್ಲಿ ಟೊಪಾಲಜಿ ಓದಿದವಳು. ಇಡೀ ವರ್ಷ ಒಂದೇ ಒಂದು ಚಿತ್ರವಿಲ್ಲದೆ ಓದಿದೆ. ವಿವೃತ ಗಣ, ಸಂವೃತ ಗಣ, ವ್ಯಾಖ್ಯೆ, ಪ್ರಮೇಯ, ಸಾಧನೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಇದು ಹಿಗ್ಗಿಸಿ, ಬಗ್ಗಿಸಿ, ಹೆಣೆದು ನೋಡುವ ವಿದ್ಯೆ ಎಂದು ಯಾರೂ ಹೇಳಲಿಲ್ಲ. ಆ ಕೋಣೆಯಲ್ಲಿ ಕೂತು ಹಲಗೆಯ ತುಂಬ ಬೆಳೆಯುತ್ತಿದ್ದ ಚಿತ್ರಗಳನ್ನು ನೋಡುವಾಗ ನನಗೆ ತುಂಬ ಸಂತೋಷವಾಯಿತು, ಕಳೆದುಕೊಂಡ ಆ ವರ್ಷದ ನೆನಪಿಗೆ ಅಷ್ಟೇ ನೋವೂ ಆಯಿತು.

*

ಬೆಳಗಿನ ಒಂದು ಉಪನ್ಯಾಸ ಮರಿಯಮ್ ಮಿರ್ಜಾಖಾನಿಯವರ ಕೆಲಸದ ಸುತ್ತ ಇತ್ತು. ಅದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ಏಕೆಂದರೆ ಇಂಥ ಸಭೆಗೆ ಅದಕ್ಕಿಂತ ತಕ್ಕ ವಿಷಯ ಸಿಗುವುದು ಕಷ್ಟ.

ಕೋಳಿಜುಟ್ಟಿನ ಹೂವನ್ನು ನೆನಪಿಗೆ ತಂದುಕೊಳ್ಳಿ. ಅದರ ಅಂಚು ಚಪ್ಪಟೆಯಾಗಿ ಕೂರುವುದಿಲ್ಲ, ನೆರಿಗೆ ನೆರಿಗೆಯಾಗಿ ಏಳುತ್ತದೆ. ಕ್ರೋಶ ಹಾಕುವಾಗ ಪ್ರತಿ ಸುತ್ತಿನಲ್ಲೂ ಬೇಕಾದದ್ದಕ್ಕಿಂತ ಹೆಚ್ಚು ಹೊಲಿಗೆ ಸೇರಿಸುತ್ತಾ ಹೋದರೂ ಹಾಗೇ ಆಗುತ್ತದೆ. ನಡುವಿನಿಂದ ದೂರ ಹೋದಂತೆ ಜಾಗ ಮಿತಿಮೀರಿ ಬೆಳೆಯುತ್ತದೆ. ಹೀಗೆ ಎಲ್ಲೆಲ್ಲೂ ನೆರಿಗೆಗಟ್ಟುವ ಮೇಲ್ಮೈಗೆ ಹೈಪರ್ಬಾಲಿಕ್ ಎಂದು ಹೆಸರು. ಎರಡು ತೂತುಗಳ ವಡೆಯೊಂದರ ಮೇಲ್ಮೈಗೆ ಇಂಥ ಜ್ಯಾಮಿತಿ ತೊಡಿಸಬಹುದು. ಅದರ ಮೇಲೆ ರಬ್ಬರ್ ಬ್ಯಾಂಡುಗಳನ್ನು ಬಿಗಿಯಾಗಿ ಹಾಕಿ. ಒಂದು ಉದ್ದದೊಳಗೆ ಎಷ್ಟು ಬಗೆಯ ಬ್ಯಾಂಡುಗಳು ಸಿಕ್ಕಾವು? ತಮ್ಮನ್ನು ತಾವೇ ಹಾಯುವ ಬ್ಯಾಂಡುಗಳನ್ನೂ ಎಣಿಸಿದರೆ ಸಂಖ್ಯೆ ಘಾತೀಯ ವೇಗದಲ್ಲಿ ಏರುತ್ತದೆ. ಅದು ಮೊದಲೇ ಗೊತ್ತಿತ್ತು. ತಮ್ಮನ್ನು ತಾವು ಎಲ್ಲೂ ಹಾಯದವನ್ನು ಮಾತ್ರ ಎಣಿಸಿದರೆ? ಅವು ಬಹಳ ಅಪರೂಪ. ಎರಡು ತೂತಿನ ಮೇಲ್ಮೈಯಲ್ಲಿ ಅವುಗಳ ಸಂಖ್ಯೆ ಉದ್ದದ ಆರನೆಯ ಘಾತದಂತೆ ಬೆಳೆಯುತ್ತದೆ. ಉದ್ದವನ್ನು ಇಮ್ಮಡಿ ಮಾಡಿದರೆ ಎಣಿಕೆ ಹೆಚ್ಚುಕಡಿಮೆ 64 ಪಟ್ಟು.

ಮಿರ್ಜಾಖಾನಿ ಇದನ್ನು ಸಾಧಿಸಿದ್ದು ಹಾರ್ವರ್ಡ್‌ನಲ್ಲಿ 2004ರಲ್ಲಿ ಒಪ್ಪಿಸಿದ ಪಿಎಚ್‌ಡಿ ಪ್ರಬಂಧದಲ್ಲಿ. ಅಂದರೆ ಈ ಕೋಣೆಯಲ್ಲಿ ಕೂತವರ ವಯಸ್ಸಿನಲ್ಲಿ. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. 2017ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡರು.

ಹಲಗೆಯ ಮುಂದಿದ್ದ ಹುಡುಗಿ ಆ ಘಾತವನ್ನು ಬರೆದು ಒಂದು ಕ್ಷಣ ಸುಮ್ಮನೆ ನಿಂತಳು. ಕೋಣೆಯೂ ಸುಮ್ಮನಿತ್ತು.

*

ಚಹಾದ ಹೊತ್ತಿಗೆ ಎಲ್ಲರೂ ಹೊರಬಂದರೂ ಉಪನ್ಯಾಸ ಮುಗಿದಿರಲಿಲ್ಲ. ಹೊರಗಿನ ಮೊಗಸಾಲೆಯಲ್ಲೂ ಕರಿಹಲಗೆ ಇದೆ. ಯಾರೋ ಹಿಂದಿನ ದಿನ ಬರೆದ ಚಿತ್ರದ ಕೆಳಗೆ ‘ಅಳಿಸಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅದನ್ನು ಉಳಿಸಿಕೊಂಡು ಪಕ್ಕದ ಗೇಣುದ್ದ ಜಾಗದಲ್ಲಿ ಇಬ್ಬರು ಹೊಸದೊಂದನ್ನು ಶುರು ಮಾಡಿದ್ದರು.

ಟೊಪಾಲಜಿಯ ಪುಸ್ತಕಗಳೆಲ್ಲ ಕಾಫಿ ಕಪ್ಪು ಮತ್ತು ಡೋನಟ್ಟಿನ ಮಾತಿನಿಂದ ಶುರುವಾಗುತ್ತವೆ: ಹರಿಯದೆ, ಅಂಟಿಸದೆ, ಒಂದನ್ನು ಇನ್ನೊಂದಾಗಿ ತಿದ್ದಬಹುದು, ಏಕೆಂದರೆ ಕಪ್ಪಿನ ಹಿಡಿಯಲ್ಲಿ ಒಂದು ತೂತು, ಡೋನಟ್ಟಿನಲ್ಲೂ ಒಂದು. ನಮ್ಮ ಹೋಟೆಲಿನಲ್ಲಿ ಆ ಮಾತನ್ನು ಹಾಗೇ ಹೇಳಿದರೆ ತಪ್ಪಾಗುತ್ತದೆ. ಉದ್ದಿನವಡೆಗೆ ತೂತಿದೆ. ಸ್ಟೀಲ್ ಲೋಟಕ್ಕೆ ಹಿಡಿಯೇ ಇಲ್ಲ. ಲೋಟವನ್ನು ಮೆಲ್ಲಗೆ ಒತ್ತಿ, ತಗ್ಗನ್ನು ಮೇಲೆತ್ತಿ ದುಂಡಗೆ ಮಾಡಿದರೆ ಇಡ್ಲಿಯಾದೀತು, ವಡೆಯಾಗದು. ಕೋಡುಬಳೆಯ ತುದಿಗಳು ಸರಿಯಾಗಿ ಕೂಡಿದ್ದರೆ ಅದು ವಡೆಯ ಜಾತಿ. ಕೂಡದೆ ಬಾಯಿಬಿಟ್ಟಿದ್ದರೆ ಇಡ್ಲಿಯದು. ಈ ಮಾತನ್ನು ಪಕ್ಕದಲ್ಲಿದ್ದ ಇಬ್ಬರಿಗೆ ಹೇಳಿದೆ. ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬಳು ಹಾಸನದವಳು. ತಕ್ಷಣ ಇಬ್ಬರೂ ಕನ್ನಡಕ್ಕೆ ಇಳಿದರು.

“ಚಕ್ಕುಲಿ ಮೇಡಂ?” ಎಂದಳು ಹಾಸನದವಳು.

“ಸುರುಳಿ ಬಿಚ್ಚಿದರೆ ಬರೀ ಕಡ್ಡಿ. ಆದರ ಕರಿಯುವಾಗ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ರ, ಅಂಟಿದಲ್ಲೆಲ್ಲ ಒಂದೊಂದು ತೂತು ಎಣಿಸಬೇಕಾಗ್ತದ” ಎಂದ ರಾಯಚೂರಿನವನು, ಪೂರ್ತಿ ಗಂಭೀರವಾಗಿ.

ಅವರ ಮಾತು ಕೇಳುತ್ತಾ ಕೇಳುತ್ತಾ ನನಗೊಂದು ಸಂಗತಿ ಹೊಳೆಯಿತು. ಮ್ಯಾನಿಫೋಲ್ಡ್, ಹೋಮಾಲಜಿ, ಬಂಡಲ್: ಅವರ ನಾಮಪದಗಳೆಲ್ಲ ಇಂಗ್ಲಿಷಿನವು. ಕ್ರಿಯಾಪದಗಳು ಒಂದೂ ಅಲ್ಲ. ‘ಇದನ್ನ ಹಿಂಗೆ ಮಡಚಿ, ಈ ಅಂಚನ್ನ ಆ ಅಂಚಿಗೆ ಅಂಟಿಸಿ, ಮಧ್ಯದಲ್ಲಿ ಚಿವುಟಿದರೆ...’ ಎಳೆ, ಹಿಗ್ಗಿಸು, ಮಡಚು, ತಿರುಚು, ಹೊಲಿ, ಹೆಣೆ, ಸುತ್ತು, ಹರಿ, ಬಿಚ್ಚು. ಟೊಪಾಲಜಿಗೆ ಬೇಕಾದ ಕ್ರಿಯೆಗಳೆಲ್ಲ ಅಡುಗೆಮನೆಯಲ್ಲಿ, ಮಗ್ಗದ ಬಳಿ, ಹೂ ಕಟ್ಟುವ ಕೈಯಲ್ಲಿ ಮೊದಲಿನಿಂದ ಇವೆ. ಕನ್ನಡದಲ್ಲಿ ಗಣಿತ ಬರೆಯುವುದೂ ಹೊಸತಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕ್ಷೇತ್ರಗಳ ಅಳತೆಯ ಮೇಲೆ ಬರೆದ ಕನ್ನಡ ಗ್ರಂಥದ ಹೆಸರೇ ‘ಕ್ಷೇತ್ರಗಣಿತ’. ಹೊಸ ಪಾರಿಭಾಷಿಕ ಪದ ಟಂಕಿಸುವ ಸಮಿತಿಗಳು ನಾಮಪದಗಳಿಗಾಗಿ ಪಡುವ ಪಾಡನ್ನು ನಾನು ಬಲ್ಲೆ. ನಾಮಪದವನ್ನು ಇದ್ದಂತೆ ಇಟ್ಟುಕೊಂಡು ಕ್ರಿಯಾಪದದಿಂದ ಶುರು ಮಾಡಿದರೆ ಪಾಠ ಕನ್ನಡದಲ್ಲಿ ಸರಾಗವಾಗಿ ನಡೆಯುತ್ತದೆ. ಅದನ್ನು ಈ ಇಬ್ಬರು ಒಂದು ಲೋಟ ಚಹಾ ಆರುವುದರೊಳಗೆ ಮಾಡಿ ತೋರಿಸಿದರು.

*

ಮಧ್ಯಾಹ್ನ ಊಟವಾದ ಮೇಲೆ ಚೀಟಿಯನ್ನು ಹೊರತೆಗೆದೆ. ಹಾಸನದ ಹುಡುಗಿಯ ವಿಷಯ ಗಂಟುಗಳು. ಗಣಿತದಲ್ಲಿ ಗಂಟು ಎಂದರೆ ತುದಿಗಳನ್ನು ಬೆಸೆದುಬಿಟ್ಟ ದಾರದ ಕುಣಿಕೆ. ಬಿಡಿಸಿದರೆ ಬರಿಯ ಬಳೆಯಾಗುವುದೋ ಇಲ್ಲವೋ ಎಂಬುದೇ ಮೂಲ ಪ್ರಶ್ನೆ.

ಆಕೆ ರಂಗೋಲಿಯನ್ನು ಹಲಗೆಗೆ ಇಳಿಸಿಕೊಂಡಳು. ಎಳೆ ತನ್ನನ್ನು ತಾನು ಹಾಯುವ ಜಾಗಗಳನ್ನು ಎಣಿಸಿದಳು. ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆ ಒಂದು: ಅಡ್ಡಕ್ಕೆ 9, ಉದ್ದಕ್ಕೆ 8, ಒಟ್ಟು 17. ಆಮೇಲೆ ಚಾಪೆ ಹೆಣೆಯುವಂತೆ ಎಳೆಯನ್ನು ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹಾಯಿಸುತ್ತಾ ಹೋದಳು. ಹೊರಟಲ್ಲಿಗೆ ಬಂದು ಸೇರಿದಾಗ ಎಲ್ಲೂ ಲೆಕ್ಕ ತಪ್ಪಿರಲಿಲ್ಲ.

“ತಪ್ಪೋದೇ ಇಲ್ಲ ಮೇಡಂ. ಯಾವ ರಂಗೋಲಿ ಎಳೆಗೂ ಹಿಂಗೆ ಮಾಡಬಹುದು. ಈಗ ಇದು ಗಂಟು. ಎಷ್ಟೇ ಎಳೆದಾಡಿದರೂ 17ಕ್ಕಿಂತ ಕಡಿಮೆ ಹಾಯುವ ಹಾಗೆ ಇದನ್ನ ಬರೆಯೋಕೆ ಆಗಲ್ಲ.”

ಆ ಕೊನೆಯ ವಾಕ್ಯದ ಹಿಂದೆ ನೂರು ವರ್ಷದ ಕಥೆ ಇದೆ. ಹೀಗೆ ಮೇಲೆ ಕೆಳಗೆ ಹೆಣೆದ, ಅನಗತ್ಯ ತಿರುವುಗಳಿಲ್ಲದ ಚಿತ್ರವನ್ನು ಇನ್ನಷ್ಟು ಸರಳ ಮಾಡಲಾಗದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪೀಟರ್ ಟೇಟ್ ನಂಬಿದ್ದರು. ಸಾಧಿಸಲು ಆಗಿರಲಿಲ್ಲ. 1984ರಲ್ಲಿ ನ್ಯೂಜಿಲೆಂಡಿನ ವಾನ್ ಜೋನ್ಸ್, ಗಂಟುಗಳಿಗೆ ಸಂಬಂಧವೇ ಇಲ್ಲವೆನಿಸುವ ಬೀಜಗಣಿತದ ಮೂಲೆಯೊಂದರಿಂದ, ಪ್ರತಿ ಗಂಟಿಗೂ ಒಂದು ಬಹುಪದವನ್ನು ಕಟ್ಟುವ ದಾರಿ ಕಂಡರು. ಅದನ್ನೇ ಹಿಡಿದು 1987ರಲ್ಲಿ ಕಾಫ್‌ಮನ್, ಮುರಾಸುಗಿ, ಥಿಸಲ್‌ತ್‌ವೇಟ್ ಟೇಟ್ ನಂಬಿಕೆಯನ್ನು ಸಾಧಿಸಿದರು. ಎರಡು ವರ್ಷದ ಮೇಲೆ ಎಡ್ವರ್ಡ್ ವಿಟ್ಟನ್ ಆ ಬಹುಪದ ಕ್ವಾಂಟಮ್ ಕ್ಷೇತ್ರ ಸಿದ್ಧಾಂತದಲ್ಲೇ ಅಡಗಿದೆ ಎಂದು ತೋರಿಸಿದರು. 1990ರಲ್ಲಿ ಕ್ಯೋಟೊದಲ್ಲಿ ಜೋನ್ಸ್ ಮತ್ತು ವಿಟ್ಟನ್ ಇಬ್ಬರಿಗೂ ಫೀಲ್ಡ್ಸ್ ಪದಕ ಬಂತು. ಶಿವಕೋಟೆಯಂಥ ಕಡೆ ಸ್ಟ್ರಿಂಗ್ ಸಿದ್ಧಾಂತದವರೂ ಟೊಪಾಲಜಿಯವರೂ ಒಂದೇ ಊಟದ ಮೇಜಿಗೆ ಬರುವುದು ಯಾಕೆ ಎಂದು ಕೇಳಿದರೆ ಉತ್ತರ ಇಲ್ಲಿದೆ.

“ಸಾಲು, ಕಂಬಸಾಲಿನ ಲೆಕ್ಕ ಹೇಳ್ತೀನಿ” ಎಂದು ಆಕೆ ಮುಂದುವರಿಸಿದಳು. ಆಯತಾಕಾರವಾಗಿ ಚುಕ್ಕಿ ಇಟ್ಟು ಹೀಗೆ ಎಳೆ ತಿರುಗಿಸಿದರೆ ಎಷ್ಟು ಬೇರೆ ಬೇರೆ ಎಳೆಗಳು ಬೇಕಾಗುತ್ತವೆ? ಸಾಲುಗಳ ಸಂಖ್ಯೆ ಮತ್ತು ಸಾಲೊಳಗಿನ ಚುಕ್ಕಿಗಳ ಸಂಖ್ಯೆ, ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಮಸಾಅ) ಎಷ್ಟೋ ಅಷ್ಟು. ಮೂರಕ್ಕೆ ನಾಲ್ಕಾದರೆ ಮಸಾಅ 1, ಒಂದೇ ಎಳೆ. ಮೂರಕ್ಕೆ ಮೂರಾದರೆ 3, ಮೂರು ಎಳೆ. ಏಳನೆಯ ತರಗತಿಯಲ್ಲಿ ಭಾಗಾಕಾರದ ಏಣಿ ಹಾಕಿ ತೆಗೆಯುತ್ತಿದ್ದ ಮಸಾಅ ಇಷ್ಟು ಚೆಲುವಾದ ಕೆಲಸ ಮಾಡುವುದನ್ನು ನಾನು ಮೊದಲು ನೋಡಿರಲಿಲ್ಲ. ಓದುವವರು ಒಂದು ಹಾಳೆ ತೆಗೆದುಕೊಂಡು ಎರಡಕ್ಕೆ ಮೂರು ಚುಕ್ಕಿಯಿಂದ ಶುರು ಮಾಡಿ ನೋಡಬೇಕು.

*

ಉತ್ತರ ಬೆಂಗಳೂರಿನಲ್ಲಿ ಗಣಿತದ ನೆಲೆ ಇದೊಂದೇ ಅಲ್ಲ. ಜಿಕೆವಿಕೆ ಬದಿಯ ಶಾರದಾನಗರದಲ್ಲಿ ಟಾಟಾ ಸಂಸ್ಥೆಯದೇ ಅನ್ವಯಿಕ ಗಣಿತದ ಕೇಂದ್ರವಿದೆ. ಹರಿಯುವ ನೀರು, ಹಬ್ಬುವ ಶಾಖ ಇಂಥವುಗಳ ಸಮೀಕರಣಗಳು ಅಲ್ಲಿನ ಮುಖ್ಯ ಕಸುಬು. ಗಣಿತಜ್ಞ ಎಂ.ಎಸ್. ನರಸಿಂಹನ್ ನಿವೃತ್ತಿಯ ನಂತರದ ದಿನಗಳನ್ನು ಬೆಂಗಳೂರಿನಲ್ಲಿ ಕಳೆದದ್ದು ಆ ಕೇಂದ್ರದ, ಜೊತೆಗೆ ವಿಜ್ಞಾನ ಸಂಸ್ಥೆಯ ಒಡನಾಟದಲ್ಲಿ. 1965ರಲ್ಲಿ ಅವರೂ ಸಿ.ಎಸ್. ಶೇಷಾದ್ರಿಯವರೂ ಸೇರಿ ಸಾಧಿಸಿದ ಪ್ರಮೇಯ ಇವತ್ತಿನ ಸಭೆಯಲ್ಲೂ ಎರಡು ಸಲ ಹಲಗೆಗೆ ಬಂತು. ಮೇಲ್ಮೈಯೊಂದರ ಮೇಲೆ ಕುಣಿಕೆಗಳು ಸುತ್ತುವ ಬಗೆ ಟೊಪಾಲಜಿಯ ವಿಷಯ. ಅದೇ ಮೇಲ್ಮೈಯ ಮೇಲಿನ ವೆಕ್ಟರ್ ಬಂಡಲುಗಳು ಬೀಜಗಣಿತೀಯ ಜ್ಯಾಮಿತಿಯ ವಿಷಯ. ಇವೆರಡೂ ಒಂದೇ ಎಂದು ತೋರಿಸಿದವರು ಆಗಿನ್ನೂ ಮೂವತ್ತಮೂರರ ಆಸುಪಾಸಿನವರು. 1983ರಲ್ಲಿ ಸೈಮನ್ ಡೊನಾಲ್ಡ್‌ಸನ್ ಅದಕ್ಕೆ ಹೊಸ ಸಾಧನೆ ಕೊಟ್ಟರು. ಶೇಷಾದ್ರಿ 2020ರಲ್ಲಿ, ನರಸಿಂಹನ್ 2021ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ, ತೀರಿಕೊಂಡರು.

ಇನ್ನು ವಿಜ್ಞಾನ ಸಂಸ್ಥೆ. ಅಲ್ಲಿನ ಗಣಿತ ವಿಭಾಗಕ್ಕೆ ಸೇರಿದ ಒಂದು ಘಟನೆಯನ್ನು ವಿದ್ಯಾರ್ಥಿಗಳು ಈಗಲೂ ಬಾಯಿ ತುಂಬ ಹೇಳುತ್ತಾರೆ. ಯಲಹಂಕ ಉಪನಗರದ ಚೌಕ ಬೀದಿಗಳಲ್ಲಿ ಪೂರ್ವಕ್ಕೊಂದು, ಉತ್ತರಕ್ಕೊಂದು, ಪಶ್ಚಿಮಕ್ಕೊಂದು, ದಕ್ಷಿಣಕ್ಕೊಂದು ಬ್ಲಾಕ್ ನಡೆದರೆ ಹೊರಟಲ್ಲಿಗೇ ಬರುತ್ತೀರಿ. ‘ಸ್ವತಂತ್ರ ಗ್ರೂಪ್’ ಎಂಬ ಊರಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ದಾರಿಗಳು ಕವಲೊಡೆಯುತ್ತವೆ, ಮತ್ತೆ ಕೂಡುವುದಿಲ್ಲ. ಅಂಥ ಊರಿಗೆ ಒಂದು ಅಳತೆಗೋಲು ಬೇಕು: ಒಂದೇ ನಡಿಗೆಯನ್ನು ಎರಡು ಸಲ ನಡೆದರೆ ಅಳತೆ ಸರಿಯಾಗಿ ಎರಡರಷ್ಟಾಗಬೇಕು, ಎರಡು ನಡಿಗೆ ಸೇರಿಸಿದರೆ ಅವುಗಳ ಮೊತ್ತ ಮೀರಬಾರದು, ಹೊರಟಲ್ಲಿಗೆ ಮರಳದ ನಡಿಗೆಯ ಅಳತೆ ಸೊನ್ನೆಯಾಗಬಾರದು. ಅಂಥ ಗೋಲು ಇದೆಯೇ? 2017ರ ಡಿಸೆಂಬರಿನಲ್ಲಿ ವಿಜ್ಞಾನ ಸಂಸ್ಥೆಯ ಅಪೂರ್ವ ಖರೆ ಈ ಪ್ರಶ್ನೆಯನ್ನು ಗಣಿತಜ್ಞ ಟೆರೆನ್ಸ್ ಟಾವ್ ಅವರ ಮುಂದಿಟ್ಟರು. ಟಾವ್ ಅದನ್ನು ಎಲ್ಲರೆದುರು ಬಿಚ್ಚಿಟ್ಟರು. ಪೂರ್ವ, ಉತ್ತರ, ಪಶ್ಚಿಮ, ದಕ್ಷಿಣದ ಆ ನಡಿಗೆಯ ಅಳತೆಗೆ ಇರಬಹುದಾದ ಗರಿಷ್ಠ ಮಿತಿಯನ್ನು ಹಲವರು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತರುತ್ತಿದ್ದಾಗ, ಅದೇ ವಿಭಾಗದ ಸಿದ್ಧಾರ್ಥ ಗಾಡ್ಗೀಳ್ ಕಂಪ್ಯೂಟರಿನಿಂದ ಒಂದು ಸಾಧನೆ ಬರೆಸಿದರು, ಮನುಷ್ಯರು ಸಾಲುಸಾಲಾಗಿ ಓದಬಹುದಾದಂಥದ್ದು. ಅದನ್ನು ಓದಿ ಅದರೊಳಗಿನ ಉಪಾಯವನ್ನು ಇತರರು ಹೆಕ್ಕಿದರು. ಒಂದು ವಾರದೊಳಗೆ ಉತ್ತರ ಸಿಕ್ಕಿತು: ಆ ನಡಿಗೆಯ ಅಳತೆ ಸೊನ್ನೆಯೇ ಆಗಿಬಿಡುತ್ತದೆ, ಆದ್ದರಿಂದ ಅಂಥ ಗೋಲು ಇರಲಾರದು. ಆರು ಮಂದಿಯ ಹೆಸರಿನಲ್ಲಿ 2018ರಲ್ಲಿ ಪ್ರಬಂಧ ಪ್ರಕಟವಾಯಿತು.

ಶಿವಕೋಟೆಯ ಈ ಸಭೆಗೆ ಬರುವ ದಾರಿ ಎಲ್ಲರಿಗೂ ಸಮವಾಗಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಓದಿದವರು ನೇರ ಬರುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಗಳಿಂದ ಬಂದವರನ್ನು ಕೇಳಿದರೆ ಹೆಚ್ಚಿನವರು ಒಂದೆರಡು ಹೆಸರು ಹೇಳುತ್ತಾರೆ: 1993ರಲ್ಲಿ ಎಸ್. ಕುಮಾರೇಶನ್ ಶುರು ಮಾಡಿದ ಎಂಟಿಟಿಎಸ್ ಬೇಸಿಗೆ ಶಿಬಿರ, ಇಲ್ಲವೇ ಪಿಎಚ್‌ಡಿ ಮೊದಲ ವರ್ಷದವರಿಗೆ ನಡೆಯುವ ಎಎಫ್‌ಎಸ್ ಶಾಲೆಗಳು. ಅಲ್ಲಿ ಯಾರೋ ಒಬ್ಬರು ಚಿತ್ರ ಬಿಡಿಸಿದರು, ಅಲ್ಲಿಂದ ಹಿಡಿಯಿತು ಎನ್ನುತ್ತಾರೆ. 2018ರ ಜೂನಿನಲ್ಲಿ ಶಿವಕೋಟೆಯ ಈ ಕೇಂದ್ರ ಕಾಲೇಜು ಅಧ್ಯಾಪಕರಿಗಾಗಿಯೇ ಜ್ಯಾಮಿತಿ ಮತ್ತು ಟೊಪಾಲಜಿಯ ಹತ್ತು ದಿನದ ಪಾಠ ಇಟ್ಟಿತ್ತು. ನನ್ನ ಮನಸ್ಸಿಗೆ ಇಲ್ಲಿ ನಡೆದ ದೊಡ್ಡ ದೊಡ್ಡ ಕಾರ್ಯಕ್ರಮಗಳಿಗಿಂತ ಅದು ಹೆಚ್ಚು ಹತ್ತಿರ. ಒಬ್ಬ ಅಧ್ಯಾಪಕಿ ಇಲ್ಲಿಂದ ಒಂದು ಚಿತ್ರ ಕಲಿತು ಹೋದರೆ ವರ್ಷಕ್ಕೆ ಅರವತ್ತು ಮಕ್ಕಳು ಅದನ್ನು ನೋಡುತ್ತಾರೆ. ಅಂಥದ್ದು ಪ್ರತಿ ವರ್ಷ ಆಗಬೇಕು, ಕನ್ನಡದಲ್ಲೂ ಆಗಬೇಕು.

*

ಸಂಜೆ ಐದೂವರೆಗೆ ಹೊರಟೆ. ಮೊಗಸಾಲೆಯ ಹಲಗೆಯ ಮೇಲೆ ರಂಗೋಲಿ ಇನ್ನೂ ಇತ್ತು. ಹಾಸನದ ಹುಡುಗಿ ಅದರ ಕೆಳಗೂ ‘ಅಳಿಸಬೇಡಿ’ ಎಂದು ಬರೆದಿದ್ದಳು, ಕನ್ನಡದಲ್ಲಿ.

ಊರಿನೊಳಗೆ ಬೆಳಗಿನ ಮನೆಯ ಮುಂದೆ ಎಳೆ ಅರ್ಧ ಅಳಿಸಿ ಹೋಗಿತ್ತು. ಓಡಾಡಿದ ಕಾಲು, ಒಂದು ಸ್ಕೂಟರಿನ ಗಾಲಿ. ಆ ಹಿರಿಯರು ಜಗಲಿಯ ಮೇಲೆ ಕೂತಿದ್ದರು.

“ಏನಮ್ಮ, ಬರ್ಕೊಂಡ್ ಹೋದ್ರಲ್ಲ, ಯಾರಿಗ್ ತೋರಿಸಿದ್ರಿ?”

ಹೇಳಿದೆ. ಮೇಲೆ ಕೆಳಗೆ ಹೆಣೆದದ್ದು, ಹದಿನೇಳು ಕಡೆ ಹಾಯುವುದು, ಅದನ್ನು ಕಡಿಮೆ ಮಾಡಲಾಗದು ಎಂಬುದು. ಮೂರಕ್ಕೆ ಮೂರು ಚುಕ್ಕಿಯ ಮಾತು ಬಂದಾಗ ಅವರೇ ತಡೆದರು.

“ಅದಕ್ಕೆ ಮೂರೆಳೆ ಬೇಕು. ಅದು ಗೊತ್ತಿರೋದೇ.”

“ನಾಲ್ಕು ಸಾಲು, ಸಾಲಿಗೆ ಆರು ಇಟ್ಟರೆ?”

ಅವರು ಉತ್ತರ ಹೇಳಲಿಲ್ಲ. ಎದ್ದು ಒಳಗೆ ಹೋಗಿ ರಂಗೋಲಿ ಬಟ್ಟಲು ತಂದರು. ಜಗಲಿಯ ಕಲ್ಲಿನ ಮೇಲೆ ಇಪ್ಪತ್ನಾಲ್ಕು ಚುಕ್ಕಿ ಇಟ್ಟರು, ಒಂದೂ ಸಾಲು ತಪ್ಪಲಿಲ್ಲ. ಮೂಲೆಯಿಂದ ಎಳೆ ಬಿಡುತ್ತಾ ಹೊರಟರು. ಬೆರಳ ಸಂದಿನಿಂದ ಪುಡಿ ಸಣ್ಣಗೆ ಇಳಿಯುತ್ತಿತ್ತು. ಎಳೆ ಸುತ್ತಿ ಸುತ್ತಿ ಹೊರಟಲ್ಲಿಗೆ ಬಂದು ಕೂಡಿಕೊಂಡಾಗ ಅರ್ಧದಷ್ಟು ದಾರಿ ಇನ್ನೂ ಬರಿದಾಗಿತ್ತು. ಕೈ ಎತ್ತಿದರು, ಪಕ್ಕದಿಂದ ಇನ್ನೊಂದು ಶುರು ಮಾಡಿದರು. ಅದು ಉಳಿದದ್ದನ್ನೆಲ್ಲ ತುಂಬಿತು.

“ಎರಡು” ಎಂದು ಹೇಳಿ ಸೆರಗಿಗೆ ಕೈ ಒರೆಸಿಕೊಂಡರು.